ಅಜ್ಜಿಯ ಕಾಲಿನಲ್ಲಿ ನೇರಳೆ ಗೆರೆ

ಐದನೇ ತರಗತಿಯ ಓದುಗಳೊಬ್ಬಳು ಈ ಅಂಕಣಕ್ಕೆ ಒಂದು ಪ್ರಶ್ನೆ ಕಳಿಸಿದ್ದಾಳೆ. ಅಜ್ಜಿ ಅಂಗಳ ತೊಳೆಯಲು ಸೀರೆ ಮೇಲೆ ಸಿಕ್ಕಿಸಿದ್ದರಂತೆ. ಆಗ ಅವರ ಮೊಣಕಾಲಿನ ಹಿಂದೆ ನೇರಳೆ ಬಣ್ಣದ ಸಣ್ಣ ಸಣ್ಣ ಗೆರೆಗಳು ಕಂಡವು. ಯಾರೋ ಪೆನ್ನಿನಿಂದ ಗೀಚಿದ ಹಾಗೆ, ಜೇಡ ಬಲೆ ನೇಯ್ದ ಹಾಗೆ. ಕೇಳಿದ್ದಕ್ಕೆ ಅಜ್ಜಿ, ಅದು ನರದ ದೌರ್ಬಲ್ಯ ಎಂದು ಹೇಳಿ ಸೀರೆ ಇಳಿಸಿಕೊಂಡರು. ನರಕ್ಕೆಂದು ದಿನಾ ಎರಡು ಚಮಚ ಟಾನಿಕ್ ಕೂಡ ಕುಡಿಯುತ್ತಿದ್ದಾರೆ. ನರ ದುರ್ಬಲವಾದರೆ ನೇರಳೆ ಬಣ್ಣಕ್ಕೆ ತಿರುಗುತ್ತದೆಯೇ ಎಂಬುದು ಮೊಮ್ಮಗಳ ಪ್ರಶ್ನೆ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಅದು ನರವೇ ಅಲ್ಲ.

ತಪ್ಪು ಅಜ್ಜಿಯದ್ದಲ್ಲ, ನಮ್ಮ ಮಾತಿನದು. ಕನ್ನಡದಲ್ಲಿ ‘ನರ’ ಎಂಬ ಒಂದೇ ಪದಕ್ಕೆ ಹತ್ತು ಕೆಲಸ ಹಚ್ಚಿದ್ದೇವೆ. ಕೈಮೇಲೆ ಎದ್ದು ಕಾಣುವ ರಕ್ತನಾಳವೂ ನರ, ಮಿದುಳಿನಿಂದ ಸುದ್ದಿ ಒಯ್ಯುವ ತಂತುವೂ ನರ, ಕುತ್ತಿಗೆ ಹಿಡಿದುಕೊಂಡರೆ ಅದೂ ನರ. ತಾಂಬೂಲ ಹಾಕುವ ಅಜ್ಜ ವೀಳ್ಯದೆಲೆಯ ಹಿಂಬದಿಯಿಂದ ಉಗುರಿನಲ್ಲಿ ಸುಲಿದು ತೆಗೆಯುವುದೂ ನರವೇ. ತಮಿಳಿನ ‘ನರಂಬು’, ತೆಲುಗಿನ ‘ನರಂ’ ಕೂಡ ಹೀಗೆಯೇ, ಎಲ್ಲದಕ್ಕೂ ಒಂದೇ. ಮಾತಿಗೆ ಇದರಿಂದ ತೊಂದರೆಯಿಲ್ಲ. ಆದರೆ ಔಷಧಿ ಅಂಗಡಿಯ ಮುಂದೆ ನಿಂತಾಗ ತೊಂದರೆಯಿದೆ. ‘ನರ ಉಬ್ಬಿದೆ’ ಎಂದು ಹೇಳಿದವರ ಕೈಗೆ ನರಶಕ್ತಿಯ ಮಾತ್ರೆ ಬರುತ್ತದೆ, ಇಲ್ಲವೇ ತಿಕ್ಕಲು ಎಣ್ಣೆ ಬರುತ್ತದೆ. ಎರಡೂ ಆ ನೇರಳೆ ಗೆರೆಯ ಹತ್ತಿರವೂ ಸುಳಿಯುವುದಿಲ್ಲ. ಹಾಗಾಗಿ ಈ ವಾರದ ಮಟ್ಟಿಗೆ ನಾವು ನರ ಎಂಬ ಪದವನ್ನು ಪಕ್ಕಕ್ಕಿಟ್ಟು ರಕ್ತನಾಳ ಎನ್ನೋಣ.

ರಕ್ತನಾಳಗಳಲ್ಲಿ ಹೋಗುವ ದಾರಿ ಬೇರೆ, ಬರುವ ದಾರಿ ಬೇರೆ. ಹೃದಯದಿಂದ ಹೊರಡುವುದು ಅಪಧಮನಿ, ಹೃದಯಕ್ಕೆ ಮರಳುವುದು ಅಭಿಧಮನಿ. ಪರೀಕ್ಷೆಯಲ್ಲಿ ಇವೆರಡನ್ನು ಅದಲುಬದಲು ಮಾಡುವ ಮಕ್ಕಳು ಬಹಳ. ಒಂದು ಗುಟ್ಟು ಹೇಳುತ್ತೇನೆ. ಸಂಸ್ಕೃತದಲ್ಲಿ ‘ಅಪ’ ಎಂದರೆ ದೂರಕ್ಕೆ, ‘ಅಭಿ’ ಎಂದರೆ ಕಡೆಗೆ. ಹೃದಯದಿಂದ ದೂರಕ್ಕೆ ಅಪಧಮನಿ, ಹೃದಯದ ಕಡೆಗೆ ಅಭಿಧಮನಿ. ಇನ್ನು ಮರೆಯಲಾರಿರಿ. ಅಜ್ಜಿಯ ಕಾಲಿನಲ್ಲಿ ಕಂಡದ್ದು ಈ ಎರಡನೆಯ ಜಾತಿಯ, ಚರ್ಮದೊಳಗಿನ ಅತಿ ಸಣ್ಣ ನಾಳಗಳು. ಅವು ಹಿಗ್ಗಿ ಕಣ್ಣಿಗೆ ಬೀಳುವಂತಾದಾಗ ವೈದ್ಯರು ‘ಸ್ಪೈಡರ್ ವೇನ್ಸ್’ ಎನ್ನುತ್ತಾರೆ. ಒಂದು ಮಿಲಿಮೀಟರಿಗಿಂತ ತೆಳ್ಳಗೆ, ಹೊಲಿಗೆ ದಾರದಂತೆ ಇರುತ್ತವೆ. ಜೇಡಕ್ಕೂ ಇದಕ್ಕೂ ಬೇರೆ ಸಂಬಂಧವಿಲ್ಲ, ನೋಡಲು ಹಾಗೆ ಕಾಣುತ್ತದೆ ಅಷ್ಟೇ.

ಕಾಲಿಗೇ ಏಕೆ ಬರಬೇಕು? ಅಲ್ಲಿದೆ ನೋಡಿ ಸ್ವಾರಸ್ಯ.

ಹೃದಯದಿಂದ ಪಾದಕ್ಕೆ ರಕ್ತ ಇಳಿಯುವುದು ಸುಲಭ, ಹಿಂದಿನಿಂದ ನೂಕುವ ಬಲವಿದೆ, ಇಳಿಜಾರೂ ಇದೆ. ಹತ್ತುವುದು ಕಷ್ಟ. ನೀವು ಕದಲದೆ ನಿಂತಾಗ ಪಾದದ ಬಳಿಯ ಅಭಿಧಮನಿಯಲ್ಲಿ ಸುಮಾರು 90ರಷ್ಟು ಒತ್ತಡ ಇರುತ್ತದೆ. ಅಜ್ಜನ ಬಿ.ಪಿ. ನೋಡುವ ಅದೇ ಅಳತೆಯಲ್ಲಿ. ಮೇಲಿನವರೆಗೆ ನಿಂತ ರಕ್ತದ ಕಂಬದ ಭಾರ ಅದು. ನಾಲ್ಕು ಹೆಜ್ಜೆ ನಡೆಯಿರಿ, ಆರೋಗ್ಯವಂತರಲ್ಲಿ ಅದು 30ಕ್ಕಿಂತ ಕೆಳಗಿಳಿಯುತ್ತದೆ! ನಡೆದರೆ ಭಾರ ಹೇಗೆ ಇಳಿಯಿತು?

ಎರಡು ಉಪಾಯಗಳಿವೆ. ಮೊದಲನೆಯದು ಮೀನಖಂಡ. ಮೊಣಕಾಲಿನ ಕೆಳಗೆ ಹಿಂಬದಿಯಲ್ಲಿ ಮೀನಿನ ಹೊಟ್ಟೆಯಂತೆ ಉಬ್ಬಿರುವ ಮಾಂಸಖಂಡ. ಯಾರು ಇಟ್ಟರೋ, ಎಷ್ಟು ಚಂದದ ಹೆಸರು. ಹೆಜ್ಜೆ ಹಾಕಿದಾಗಲೆಲ್ಲ ಅದು ಬಿಗಿಯಾಗಿ ಒಳಗಿನ ಅಭಿಧಮನಿಯನ್ನು ಹಿಂಡಿ ರಕ್ತವನ್ನು ಮೇಲಕ್ಕೆ ಚಿಮ್ಮಿಸುತ್ತದೆ. ಅದಕ್ಕೇ ಮೀನಖಂಡವನ್ನು ಎರಡನೆಯ ಹೃದಯ ಎಂದು ಕರೆಯುವುದುಂಟು. ಎರಡನೆಯದು ಕವಾಟ. ಅಭಿಧಮನಿಯ ಒಳಗೆ ಅಲ್ಲಲ್ಲಿ ಎರಡು ರೆಕ್ಕೆಯ ಪುಟ್ಟ ಬಾಗಿಲುಗಳಿವೆ. ರಕ್ತ ಮೇಲೆ ಹೋಗುವಾಗ ತೆರೆಯುತ್ತವೆ, ಕೆಳಗೆ ಜಾರಲು ಬಂದರೆ ಮುಚ್ಚಿಕೊಳ್ಳುತ್ತವೆ. ತೋಟದ ಬಾವಿಗೆ ಪಂಪ್‌ಸೆಟ್ ಇಟ್ಟವರಿಗೆ ಇದನ್ನು ವಿವರಿಸಬೇಕಿಲ್ಲ. ಪೈಪಿನ ತುದಿಯಲ್ಲಿ ಫುಟ್‌ವಾಲ್ವ್ ಇರುತ್ತದಲ್ಲ, ಅದೇ. ಫುಟ್‌ವಾಲ್ವ್ ಸೋರಿದರೆ ಪೈಪಿನ ನೀರು ಮತ್ತೆ ಬಾವಿಗೆ ಇಳಿದುಹೋಗುತ್ತದೆ. ಕಾಲಿನ ಕವಾಟ ಸೋರಿದರೆ ರಕ್ತ ಮತ್ತೆ ಕಾಲಿಗೇ ಇಳಿಯುತ್ತದೆ.

ಈ ಬಾಗಿಲುಗಳನ್ನು ಇಟಲಿಯ ಪಡುವಾ ಊರಿನ ಪ್ರಾಧ್ಯಾಪಕ ಫ್ಯಾಬ್ರಿಷಿಯಸ್ ವಿವರವಾಗಿ ಬರೆದು 1603ರಲ್ಲಿ ಪ್ರಕಟಿಸಿದ. ಆದರೆ ಅವು ಯಾಕಿವೆ ಎಂಬುದನ್ನು ಅವನು ಸರಿಯಾಗಿ ಊಹಿಸಲಿಲ್ಲ. ರಕ್ತ ಕೈಕಾಲಿಗೆ ಒಮ್ಮೆಲೇ ನುಗ್ಗದಂತೆ ತಡೆಯುವ ಒಡ್ಡು ಇರಬೇಕು ಎಂದುಕೊಂಡ. ಅವನ ಬಳಿ ಕಲಿತ ಇಂಗ್ಲೆಂಡಿನ ವಿಲಿಯಂ ಹಾರ್ವೆ, ಬಾಗಿಲು ಒಂದೇ ಕಡೆಗೆ ತೆರೆಯುತ್ತದೆ ಎಂದರೆ ರಕ್ತ ಒಂದೇ ಕಡೆಗೆ ಹರಿಯುತ್ತದೆ ಎಂದು ಹಿಡಿದ. 1628ರ ತನ್ನ ಪುಸ್ತಕದಲ್ಲಿ ರಕ್ತ ದೇಹದಲ್ಲಿ ಸುತ್ತು ಹೊಡೆಯುತ್ತದೆ ಎಂದು ತೋರಿಸಿಕೊಟ್ಟ. ಅದಕ್ಕೆ ಅವನು ಕೊಟ್ಟ ಒಂದು ಸಾಕ್ಷಿಯನ್ನು ನೀವು ಮನೆಯಲ್ಲೇ ಅಜ್ಜನ ಮುಂಗೈ ಮೇಲೆ ನೋಡಬಹುದು.

ಅಜ್ಜ ಕೈಯನ್ನು ಸ್ವಲ್ಪ ಹೊತ್ತು ಕೆಳಗೆ ಇಳಿಬಿಡಲಿ, ನಾಳಗಳು ಉಬ್ಬುತ್ತವೆ. ಕವಲಿಲ್ಲದ ನೇರವಾದ ಒಂದನ್ನು ಆರಿಸಿಕೊಳ್ಳಿ. ಬೆರಳುಗಳ ಕಡೆಯ ತುದಿಯನ್ನು ನಿಮ್ಮ ಒಂದು ಬೆರಳಿನಿಂದ ಒತ್ತಿ ಹಿಡಿಯಿರಿ. ಇನ್ನೊಂದು ಬೆರಳಿನಿಂದ ಅಲ್ಲಿಂದ ಮೊಣಕೈ ಕಡೆಗೆ ಮೆಲ್ಲಗೆ ಸವರಿ, ಆ ಬೆರಳು ತೆಗೆಯಿರಿ. ನಾಳ ಖಾಲಿಯಾಗಿ ಚಪ್ಪಟೆಯಾಗಿರುತ್ತದೆ, ಮೇಲಿನಿಂದ ರಕ್ತ ವಾಪಸು ಬರುವುದಿಲ್ಲ. ಎಲ್ಲಿಯವರೆಗೆ ಖಾಲಿಯಿದೆಯೋ ಅಲ್ಲೊಂದು ಪುಟ್ಟ ಗಂಟು ಕಂಡರೆ ಅದೇ ಕವಾಟ. ಈಗ ಮೊದಲ ಬೆರಳನ್ನೂ ತೆಗೆಯಿರಿ, ಸರ್ರನೆ ತುಂಬಿಕೊಳ್ಳುತ್ತದೆ. ಆದರೆ ಎರಡು ಷರತ್ತು. ರಕ್ತ ತೆಳುವಾಗುವ ಮಾತ್ರೆ ನುಂಗುವ ಹಿರಿಯರ ಮೇಲೆ ಬೇಡ, ಅವರ ಚರ್ಮ ಒತ್ತಿದರೆ ಕಪ್ಪಾಗುತ್ತದೆ. ಮತ್ತು ಕೈಯಲ್ಲಿ ಮಾತ್ರ, ಅಜ್ಜಿಯ ಕಾಲಿನಲ್ಲಿ ಬೇಡವೇ ಬೇಡ.

ಮೈಸೂರು ಮೃಗಾಲಯದಲ್ಲಿ ಜಿರಾಫೆ ನೋಡಿದವರು ಒಂದು ಅನುಮಾನ ಪಡಬೇಕು. ಇಷ್ಟುದ್ದ ಪ್ರಾಣಿಗೆ ಕಾಲು ಬಾತುಕೊಳ್ಳುವುದಿಲ್ಲವೇ? ಇಲ್ಲ. ಅದರ ಕಾಲಿನ ಚರ್ಮವೇ ಬಿಗಿಯಾದ ಕಾಲುಚೀಲದ ಹಾಗೆ ಸುತ್ತಲೂ ಅಮುಕಿ ಹಿಡಿದಿದೆ. ನಮಗೆ ಆ ಭಾಗ್ಯವಿಲ್ಲ, ವಯಸ್ಸಾದ ಹಾಗೆ ಚರ್ಮ ಸಡಿಲವಾಗುತ್ತದೆ, ನಾಳಗಳ ಗೋಡೆಯೂ ಸಡಿಲವಾಗುತ್ತದೆ.

ಹಾಗಾದರೆ ಕೆಲವು ಅಜ್ಜಿಯರಿಗೆ ಮಾತ್ರ ಬರುವುದೇಕೆ? ಎಲ್ಲಕ್ಕಿಂತ ದೊಡ್ಡ ಕಾರಣ ಮನೆತನ. ಅಮ್ಮನಿಗೆ ಇದ್ದರೆ ಮಗಳಿಗೆ ಬರುವ ಸಾಧ್ಯತೆ ಹೆಚ್ಚು. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು, ಏಕೆಂದರೆ ಹೆಣ್ಣಿನ ಹಾರ್ಮೋನುಗಳು ನಾಳದ ಗೋಡೆಯನ್ನು ಮೆತ್ತಗೆ ಮಾಡುತ್ತವೆ. ಬಸುರಿಯಾಗಿದ್ದಾಗ ಹಾರ್ಮೋನು ಹೆಚ್ಚುತ್ತದೆ, ಮೈಯಲ್ಲಿ ರಕ್ತವೂ ಹೆಚ್ಚುತ್ತದೆ, ಬೆಳೆಯುವ ಗರ್ಭ ಹೊಟ್ಟೆಯೊಳಗಿನ ದೊಡ್ಡ ನಾಳವನ್ನು ಒತ್ತುತ್ತದೆ. ಆಗ ಮೂಡಿದ ಗೆರೆಗಳು ಹೆರಿಗೆಯಾದ ಕೆಲವು ತಿಂಗಳಲ್ಲಿ ಎಷ್ಟೋ ಮಸುಕಾಗುತ್ತವೆ, ಎಲ್ಲವೂ ಹೋಗುವುದಿಲ್ಲ. ನಾಲ್ಕೈದು ಮಕ್ಕಳನ್ನು ಹೆತ್ತ ಹಿಂದಿನ ಕಾಲದ ಅಜ್ಜಿಯರ ಕಾಲು ನೋಡಿದರೆ ಲೆಕ್ಕ ಸಿಗುತ್ತದೆ. ಇದರ ಜೊತೆಗೆ ಮೈಭಾರ, ಮತ್ತು ನಿಂತೇ ಮಾಡುವ ಕೆಲಸ. ಶಾಲೆಯ ಮೇಷ್ಟ್ರು, ಬಸ್ ಕಂಡಕ್ಟರು, ಟ್ರಾಫಿಕ್ ಪೊಲೀಸಿನವರು, ಒಲೆಯ ಮುಂದೆ ದಿನಗಟ್ಟಲೆ ನಿಲ್ಲುವ ಅಡುಗೆ ಭಟ್ಟರು. ನಡೆಯುವುದು ಕಾಲಿಗೆ ಒಳ್ಳೆಯದು, ಕದಲದೆ ನಿಲ್ಲುವುದು ಕೆಟ್ಟದ್ದು. ಕಾಲ ಮೇಲೆ ಕಾಲು ಹಾಕಿ ಕೂತರೆ ಬರುತ್ತದೆ ಎಂಬ ಮಾತಿಗೆ ಗಟ್ಟಿ ಆಧಾರವಿಲ್ಲ. ಹಿರಿಯರ ಮುಂದೆ ಹಾಗೆ ಕೂರಬಾರದು ಎನ್ನುವುದು ಬೇರೆ ವಿಷಯ.

ಇನ್ನೊಂದು ನಂಬಿಕೆ ಹಿರಿಯರಲ್ಲಿದೆ. ಆ ನೀಲಿ ನೇರಳೆ ಬಣ್ಣ ‘ಕೆಟ್ಟ ರಕ್ತ’ ಎಂದು. ಹಿಂದಿನ ಪಠ್ಯಪುಸ್ತಕಗಳಲ್ಲಿ ಶುದ್ಧ ರಕ್ತ, ಅಶುದ್ಧ ರಕ್ತ ಎಂದು ಬರೆದಿರುತ್ತಿದ್ದುದೂ ಇದಕ್ಕೆ ಕಾರಣವಿರಬಹುದು. ಅಶುದ್ಧ ಎಂದರೆ ಕೊಳಕು ಎಂದಲ್ಲ, ಅದರಲ್ಲಿ ಆಮ್ಲಜನಕ ಕಡಿಮೆ, ಅಷ್ಟೇ. ಹೃದಯ, ಶ್ವಾಸಕೋಶ ಸುತ್ತಿ ಬಂದರೆ ಅದೇ ರಕ್ತ ಕೆಂಪಗೆ ಹೊರಡುತ್ತದೆ. ಚುಚ್ಚಿ ಹೊರಗೆ ತೆಗೆಯಬೇಕಾದ ಪದಾರ್ಥ ಅದಲ್ಲ.

ಈಗ ಅಜ್ಜಿಗೆ ನೇರವಾಗಿ ಒಂದು ಮಾತು. ಅಮ್ಮಾ, ಬರೀ ದಾರದಂಥ ಗೆರೆಗಳಿದ್ದು, ಕಾಲು ನೋಯದೆ, ಬಾತುಕೊಳ್ಳದೆ ಇದ್ದರೆ ಅದು ಕಾಯಿಲೆ ಎನ್ನುವುದಕ್ಕಿಂತ ತಲೆಗೂದಲು ನರೆತ ಹಾಗೆ. ನಾಚಿಕೆಪಡಬೇಕಿಲ್ಲ, ಚಿಕಿತ್ಸೆಯೂ ಕಡ್ಡಾಯವಲ್ಲ. ಟಾನಿಕ್ಕಿನ ದುಡ್ಡಿಗೆ ಹಣ್ಣು ತಗೊಳ್ಳಿ. ಆದರೆ ಕೆಲವು ಗುರುತುಗಳನ್ನು ನೋಡಿಕೊಳ್ಳಬೇಕು. ದಾರದಷ್ಟಿದ್ದದ್ದು ಎರೆಹುಳುವಿನಂತೆ ದಪ್ಪಗೆ ಸುರುಳಿ ಸುತ್ತಿ ಎದ್ದು ನಿಂತರೆ ಅದು ‘ವೆರಿಕೋಸ್ ವೇನ್ಸ್’, ಕೆಳಗಿನ ದೊಡ್ಡ ನಾಳದ ಕವಾಟ ಸೋರುತ್ತಿದೆ ಎಂದು ಅರ್ಥ. ಹರಡಿನ ಒಳಬದಿಯಲ್ಲಿ, ಅಂದರೆ ಪಾದ ಕಾಲಿಗೆ ಸೇರುವಲ್ಲಿ, ಸಣ್ಣ ಗೆರೆಗಳು ಬೀಸಣಿಗೆಯ ಹಾಗೆ ಗುಂಪಾಗಿ ಬಿಚ್ಚಿಕೊಂಡಿದ್ದರೂ ಹಾಗೇ. ಸಂಜೆ ಹೊತ್ತಿಗೆ ಕಾಲು ಭಾರ, ಬಾವು, ಹರಡಿನ ಸುತ್ತ ತುರಿಕೆ, ಚರ್ಮ ಕಂದುಗಪ್ಪಾಗಿ ಗಟ್ಟಿಯಾಗುವುದು, ಕೊನೆಗೆ ಮಾಯದ ಹುಣ್ಣು. ಇದು ಇಳಿಜಾರಿನ ದಾರಿ, ಮೊದಲ ಮೆಟ್ಟಿಲಲ್ಲೇ ವೈದ್ಯರಿಗೆ ತೋರಿಸಿದರೆ ಹುಣ್ಣಿನವರೆಗೆ ಹೋಗಬೇಕಾಗುವುದಿಲ್ಲ.

ನಡುವೆ ಒಂದು ವಿಷಯ. ಕಾಲಿನಲ್ಲಲ್ಲದೆ ಮುಖ, ಎದೆ, ತೋಳಿನ ಮೇಲೆ ನಡುವೆ ಒಂದು ಕೆಂಪು ಚುಕ್ಕೆ, ಅದರಿಂದ ಸುತ್ತಲೂ ಹೊರಟ ಸಣ್ಣ ಕಾಲುಗಳು ಇದ್ದರೆ ಅದು ಬೇರೆಯೇ ಜೇಡ. ನಡುವಿನ ಚುಕ್ಕೆ ಒತ್ತಿದರೆ ಮಾಯ, ಬಿಟ್ಟರೆ ನಡುವಿನಿಂದ ಹೊರಕ್ಕೆ ಮತ್ತೆ ತುಂಬುತ್ತದೆ. ಆರೋಗ್ಯವಂತ ಮಕ್ಕಳಲ್ಲಿ ಒಂದೆರಡು ಇರುವುದು ಸಹಜ, ಗಾಬರಿ ಬೇಡ. ದೊಡ್ಡವರಲ್ಲಿ ಹಲವು ಒಟ್ಟಿಗೆ ಕಾಣಿಸಿಕೊಂಡರೆ ಯಕೃತ್ತಿನ ಪರೀಕ್ಷೆ ಮಾಡಿಸಬೇಕು.

ಗೆರೆ ಹೋಗಲೇಬೇಕು ಎನ್ನುವವರಿಗೆ ಚಿಕಿತ್ಸೆಯಿದೆ. ಹೆಚ್ಚಾಗಿ ಮಾಡುವುದು ಸ್ಕ್ಲಿರೋಥೆರಪಿ. ಇನ್ಸುಲಿನ್ ಚುಚ್ಚುವಷ್ಟು ತೆಳ್ಳಗಿನ ಸೂಜಿಯಿಂದ ಆ ಗೆರೆಯೊಳಗೇ ಪೊಲಿಡೊಕೆನಾಲ್‌ನಂಥ ಔಷಧಿ ಬಿಡುತ್ತಾರೆ. ಅದು ನಾಳದ ಒಳಪದರವನ್ನು ಕೆರಳಿಸುತ್ತದೆ, ಗೋಡೆಗಳು ಒಂದಕ್ಕೊಂದು ಅಂಟಿಕೊಂಡು ನಾಳ ಮುಚ್ಚುತ್ತದೆ. ವಾರಗಳು ಕಳೆದಂತೆ ದೇಹ ಅದನ್ನು ಕರಗಿಸಿಕೊಳ್ಳುತ್ತದೆ. ಅರಿವಳಿಕೆ ಬೇಡ, ಮುಗಿದ ಮೇಲೆ ನಡೆದುಕೊಂಡೇ ಮನೆಗೆ ಹೋಗಬಹುದು. ನಾಳ ಮುಚ್ಚಿದರೆ ರಕ್ತ ಎಲ್ಲಿಗೆ ಹೋಗಬೇಕು ಎಂದು ಮಕ್ಕಳು ಕೇಳುತ್ತಾರೆ. ಊರಿನ ಒಂದು ಸಂದಿ ಮುಚ್ಚಿದರೆ ಜನ ಮುಖ್ಯರಸ್ತೆ ಹಿಡಿಯುವುದಿಲ್ಲವೇ? ಕಾಲಿನಲ್ಲಿ ಮುಖ್ಯರಸ್ತೆಗಳು ಆಳದಲ್ಲಿವೆ.

ಚಿಕಿತ್ಸೆ ಮಾಡುವವರು ಕೆಲವೊಮ್ಮೆ ಒತ್ತಿ ಹೇಳದ ಮಾತುಗಳೂ ಇವೆ. ಒಂದೇ ಸಲಕ್ಕೆ ಮುಗಿಯುವುದಿಲ್ಲ, ಹಲವು ಬಾರಿ ಹೋಗಬೇಕು. ನಮ್ಮಂಥ ಕಂದು ಚರ್ಮದವರಲ್ಲಿ ಚುಚ್ಚಿದ ಜಾಗದಲ್ಲಿ ಕಂದು ಕಲೆ ತಿಂಗಳುಗಟ್ಟಲೆ ಉಳಿಯಬಹುದು. ನೇರಳೆ ಗೆರೆ ಹೋಗಿ ಕಂದು ಗೆರೆ ಬಂತು ಎಂದು ಬೇಸರಪಡುವವರಿದ್ದಾರೆ. ಮುಚ್ಚಿದ್ದು ಮುಚ್ಚಿತು, ಆದರೆ ಒಲವು ಮೈಯಲ್ಲೇ ಇರುವುದರಿಂದ ಮುಂದೆ ಪಕ್ಕದಲ್ಲಿ ಹೊಸದು ಹುಟ್ಟಬಹುದು. ಬಸುರಿಯರಿಗೆ ಈ ಚಿಕಿತ್ಸೆ ಮಾಡುವುದಿಲ್ಲ. ಲೇಸರ್ ಕೂಡ ಇದೆ, ಮುಖದ ಕೆಂಪು ಗೆರೆಗಳಿಗೆ ಚೆನ್ನಾಗಿ ಹೊಂದುತ್ತದೆ. ಕಾಲಿನ ಗೆರೆಗೆ ಸಾಮಾನ್ಯವಾಗಿ ಸೂಜಿಯೇ ಮೇಲು. ಕಪ್ಪು ಚರ್ಮದ ಮೇಲೆ ಲೇಸರ್ ಮಾಡುವಾಗ ಸುಟ್ಟ ಕಲೆ ಆಗದಂತೆ ಪಳಗಿದ ಕೈ ಬೇಕು. ಬಾವು, ನೋವು, ದಪ್ಪ ನಾಳ ಇದ್ದರಂತೂ ಮೊದಲು ಡಾಪ್ಲರ್ ಸ್ಕ್ಯಾನ್ ಮಾಡಿಸಿ ಕೆಳಗಿನ ದೊಡ್ಡ ನಾಳ ಸೋರುತ್ತಿದೆಯೇ ನೋಡಬೇಕು. ಸೋರುವ ತೊಟ್ಟಿ ಬಿಟ್ಟು ನೆಲ ಒರೆಸಿ ಏನು ಫಲ? ಆ ದೊಡ್ಡ ನಾಳವನ್ನು ಹಿಂದೆ ಕೊಯ್ದು ತೆಗೆಯುತ್ತಿದ್ದರು, ಈಗ ಅದರೊಳಗೆ ತೆಳ್ಳನೆಯ ತಂತಿಯಂಥ ಸಾಧನ ತೂರಿಸಿ ಬಿಸಿಯಿಂದ ಮುಚ್ಚುವುದೇ ಹೆಚ್ಚು.

ಇನ್ನು ಮನೆಮದ್ದು. ಗೆರೆಯನ್ನು ಅಳಿಸುವ ಎಣ್ಣೆ, ಮುಲಾಮು ಯಾವುದೂ ಇಲ್ಲ. ಸಂಜೆ ಕಾಲು ಭಾರವಾಯಿತೆಂದು ಉಪ್ಪು ಹಾಕಿದ ಬಿಸಿನೀರಿನಲ್ಲಿ ಕಾಲಿಡುವ ರೂಢಿ ಬಹಳ ಮನೆಗಳಲ್ಲಿದೆ. ಬಿಸಿಗೆ ನಾಳ ಇನ್ನಷ್ಟು ಹಿಗ್ಗುತ್ತದೆ, ಬಾವು ಇದ್ದವರಿಗೆ ಅದು ಸಲ್ಲದು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಮಂದವಾದವರು ಸುಟ್ಟುಕೊಳ್ಳುವುದೂ ಇದೆ. ಅದರ ಬದಲು ಮಲಗಿ, ಕಾಲ ಕೆಳಗೆ ಎರಡು ದಿಂಬು ಇಟ್ಟು ಎದೆಗಿಂತ ಎತ್ತರಕ್ಕೆ ಹದಿನೈದು ನಿಮಿಷ ಇಡಿ. ಅಡುಗೆಮನೆಯಲ್ಲಿ ನಿಂತಾಗ ಕುಕ್ಕರ್ ಮೂರು ಸೀಟಿ ಹೊಡೆಯುವವರೆಗೆ ಹಿಮ್ಮಡಿ ಎತ್ತಿ ಇಳಿಸುತ್ತಿರಿ, ಕಟ್ಟೆಯನ್ನು ಹಿಡಿದುಕೊಂಡೇ. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹಾರುವ ಅಜ್ಜಿಯರು ವಿಮಾನದಲ್ಲಿ ಹದಿನೈದು ತಾಸು ಕಾಲು ಇಳಿಬಿಟ್ಟು ಕೂರದೆ ಆಗಾಗ ಎದ್ದು ನಾಲ್ಕು ಹೆಜ್ಜೆ ಹಾಕಬೇಕು, ಕೂತಲ್ಲೇ ಪಾದವನ್ನು ಮೇಲೆ ಕೆಳಗೆ ಆಡಿಸಬೇಕು. ಚಕ್ಕುಲಿ ಡಬ್ಬಿಯನ್ನು ಕಾಲ ಬುಡದಲ್ಲಿ ಇಟ್ಟುಕೊಂಡು ಜಾಗ ಕಟ್ಟಬೇಡಿ.

ಬಿಗಿ ಕಾಲುಚೀಲ ಕೂಡ ಒಳ್ಳೆಯದೇ, ಜಿರಾಫೆಯ ಚರ್ಮದ ಕೆಲಸ ಅದು ಮಾಡುತ್ತದೆ. ಬಾವು, ಭಾರ ಇಳಿಯುತ್ತದೆ. ಇರುವ ಗೆರೆ ಅಳಿಯುವುದಿಲ್ಲ. ಬೆಳಿಗ್ಗೆ ಹಾಸಿಗೆಯಿಂದ ಇಳಿಯುವ ಮೊದಲೇ, ಬಾವು ಬರುವ ಮುಂಚೆ ಹಾಕಬೇಕು, ರಾತ್ರಿ ತೆಗೆಯಬೇಕು. ಹಾಕುವುದು ಸುಲಭವಲ್ಲ, ಬೆರಳಿನ ಹಿಡಿತ ಕಡಿಮೆಯಾದ ಹಿರಿಯರಿಗೆ ಮೊಮ್ಮಕ್ಕಳು ನೆರವಾಗಬಹುದು. ಆದರೆ ಅಂಗಡಿಯಿಂದ ನೀವೇ ತಂದು ಹಾಕಬೇಡಿ. ಸಕ್ಕರೆ ಕಾಯಿಲೆ ಇದ್ದವರಲ್ಲಿ, ಬೀಡಿ ಸಿಗರೇಟು ಸೇದುವವರಲ್ಲಿ ಕಾಲಿಗೆ ರಕ್ತ ಇಳಿಯುವ ಅಪಧಮನಿಯೇ ಕಟ್ಟಿಕೊಂಡಿರಬಹುದು. ಅಂಥ ಕಾಲಿಗೆ ಬಿಗಿ ಚೀಲ ಅಪಾಯ. ವೈದ್ಯರು ಪಾದದ ನಾಡಿ ನೋಡಿ ಅಳತೆ ಹೇಳಲಿ.

ಎರಡು ಸಂದರ್ಭಗಳಲ್ಲಿ ಮಾತ್ರ ತಡ ಮಾಡುವಂತಿಲ್ಲ. ಒಂದು, ಒಂದೇ ಕಾಲು ಏಕಾಏಕಿ ಬಾತು, ಮೀನಖಂಡ ಬಿಸಿಯಾಗಿ ನೋಯುವುದು. ಆಳದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಅದನ್ನು ಎಣ್ಣೆ ಹಚ್ಚಿ ತಿಕ್ಕಬಾರದು. ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಅಂದೇ ಆಸ್ಪತ್ರೆಗೆ ಹೋಗಬೇಕು. ಇದರ ಜೊತೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಕೂಡಲೇ 108ಕ್ಕೆ ಕರೆ ಮಾಡಿ.

ಎರಡನೆಯದು ರಕ್ತಸ್ರಾವ. ಇದನ್ನು ಮಕ್ಕಳು ಗಮನವಿಟ್ಟು ಓದಬೇಕು, ಏಕೆಂದರೆ ಆ ಹೊತ್ತಿಗೆ ಮನೆಯಲ್ಲಿ ನೀವೊಬ್ಬರೇ ಇರಬಹುದು. ಹರಡಿನ ಬಳಿ ಉಬ್ಬಿದ ನಾಳದ ಮೇಲಿನ ಚರ್ಮ ಕಾಗದದಷ್ಟು ತೆಳುವಾಗಿರುತ್ತದೆ. ಬಿಸಿನೀರು ಸ್ನಾನ ಮಾಡಿದಾಗಲೋ, ಉಗುರು ತಾಗಿದಾಗಲೋ ಒಡೆದುಬಿಡಬಹುದು. ನೋವು ಇರುವುದಿಲ್ಲ, ಹಾಗಾಗಿ ಅಜ್ಜಿಗೆ ಬಚ್ಚಲಿನ ನೆಲ ಕೆಂಪಾದ ಮೇಲೆಯೇ ತಿಳಿಯುತ್ತದೆ. ಗಾಬರಿಯಿಂದ ನಿಂತರೆ, ಕುರ್ಚಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಆ 90ರ ಒತ್ತಡದಲ್ಲಿ ರಕ್ತ ಚಿಮ್ಮುತ್ತಲೇ ಇರುತ್ತದೆ. ಹೀಗೆ ಪ್ರಾಣ ಕಳೆದುಕೊಂಡವರಿದ್ದಾರೆ. ನಿಲ್ಲಿಸುವುದು ಮಾತ್ರ ಬಹಳ ಸುಲಭ. ಅಜ್ಜಿಯನ್ನು ಇದ್ದಲ್ಲೇ ನೆಲದ ಮೇಲೆ ಮಲಗಿಸಿ. ಕಾಲನ್ನು ಎತ್ತಿ ಬಕೆಟ್ಟಿನ ಮೇಲೋ, ಕುರ್ಚಿಯ ಮೇಲೋ, ನಿಮ್ಮ ಹೆಗಲ ಮೇಲೋ ಎದೆಗಿಂತ ಎತ್ತರಕ್ಕೆ ಇಡಿ. ಒಗೆದ ಬಟ್ಟೆಯನ್ನು ಮಡಿಸಿ ರಕ್ತ ಬರುವ ಜಾಗದ ಮೇಲೆಯೇ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಹದಿನೈದು ನಿಮಿಷ ಗಡಿಯಾರ ನೋಡುತ್ತ ಒತ್ತಿ, ನಡುವೆ ಬಟ್ಟೆ ಎತ್ತಿ ನಿಂತಿತೇ ಎಂದು ಇಣುಕಬೇಡಿ. ಕಾಫಿ ಪುಡಿ ಬೇಡ, ಅರಿಶಿನ ಬೇಡ, ಮೊಣಕಾಲಿನ ಬಳಿ ಹಗ್ಗ ಕಟ್ಟುವುದೂ ಬೇಡ. ಒತ್ತಿ ಹಿಡಿದುಕೊಂಡೇ ಪಕ್ಕದ ಮನೆಯವರನ್ನು ಕೂಗಿ, 108ಕ್ಕೆ ಫೋನ್ ಮಾಡಿಸಿ. ರಕ್ತ ನಿಂತ ಮೇಲೆ ಬಟ್ಟೆಯ ಮೇಲೆ ಬ್ಯಾಂಡೇಜು ಸುತ್ತಿ, ಅಂದೇ ವೈದ್ಯರಿಗೆ ತೋರಿಸಬೇಕು. ನಿಂತಿತಲ್ಲ ಎಂದು ಸುಮ್ಮನಾದರೆ ಅದೇ ಜಾಗ ಮತ್ತೆ ಒಡೆಯುತ್ತದೆ.